ದೇವರಾದ್ರೆ ಗುಡಿ, ದೋಣಿಯಾದ್ರೆ ಸೌದೆ

ನಮ್ಮ ಮಂಡ್ಯ ಸೀಮೆಯಲ್ಲಿ ಯಾರೂ ಬರೆದಿಡದ ಒಂದು ಕಾನೂನಿದೆ. ಕೆರೆ ಬತ್ತಿದಾಗ ಕಲ್ಲು ಸಿಕ್ಕಿದ್ರೆ ಅರಿಶಿನ ಕುಂಕುಮ, ಮರ ಸಿಕ್ಕಿದ್ರೆ ಕೊಡಲಿ. ಕಲ್ಲಿನ ಮೇಲೆ ಎರಡು ಗೆರೆ ಕಂಡರೂ ಸಾಕು, ಸಂಜೆಯೊಳಗೆ ಅದಕ್ಕೊಂದು ಹೂವಿನ ಹಾರ ಬಿದ್ದಿರುತ್ತೆ. ಮಾರನೇ ದಿನ ಯಾರೋ ಬಂದು ‘ಇದು ಹೊಯ್ಸಳರ ಕಾಲದ್ದು’ ಅಂತ ಘೋಷಣೆ ಮಾಡಿರ್ತಾರೆ. ಅದೇ ಜಾಗದಲ್ಲಿ ಮರದ ಹಲಗೆ ಸಿಕ್ಕಿತು ಅನ್ನಿ, ಅದು ಯಾರದೋ ಮನೆಯ ಹಂಡೆ ಒಲೆ ಸೇರಿರುತ್ತೆ. ಈ ಬರಹ ಆ ಹಲಗೆಯ ಪರವಾಗಿ.

ನಾನು ಇತಿಹಾಸ ಓದಿದವನಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಇಂಜಿನಿಯರಿಂಗ್ ಮಾಡಿ, ಎಲ್ಲರ ಹಾಗೆ ಬೆಂಗಳೂರು ಬಸ್ ಹತ್ತಿ, ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಬೇರೆಯವರು ಮಾಡಿಟ್ಟ ಬಗ್‌ಗಳನ್ನ ಹುಡುಕೋದು ನನ್ನ ಕೆಲಸ. ಆದ್ರೆ ಈ ವಿಷಯದಲ್ಲಿ ಅದೇ ನನಗೆ ಉಪಯೋಗಕ್ಕೆ ಬಂತು. ಹೇಗೆ ಅಂತ ಮುಂದೆ ಹೇಳ್ತೀನಿ.

2024ರ ಬೇಸಿಗೆ ನಿಮಗೆಲ್ಲ ನೆನಪಿರುತ್ತೆ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಬೆಂಗಳೂರಲ್ಲಿ ಟ್ಯಾಂಕರ್ ಜಗಳ, ನಮ್ಮ ಕಡೆ ಕಬ್ಬಿಗೆ ನೀರಿಲ್ಲ, ಕೆರೆಗಳೆಲ್ಲ ಒಣಗಿ ಬಿರುಕು ಬಿಟ್ಟಿದ್ವು. ಕೆರೆ ಒಣಗಿದೆ ಅಂದ್ರೆ ಹೂಳೆತ್ತೋಕೆ ಸುಗ್ಗಿ. ಮಳವಳ್ಳಿ ತಾಲ್ಲೂಕಿನ ನಮ್ಮ ಸೋದರಮಾವನ ಊರಿನಲ್ಲೂ ಜೇಸಿಬಿ ಬಂದಿತ್ತು. ಒಂದು ಭಾನುವಾರ ನಾನು ಹೋಗಿದ್ದಾಗ ದಡದಿಂದ ಇಪ್ಪತ್ತು ಮಾರು ಒಳಗೆ, ಆಳೆತ್ತರದ ಹೂಳಿನ ಕೆಳಗಿಂದ ಎರಡು ಉದ್ದನೆಯ ಹಲಗೆ ಎದ್ದು ಬಂದ್ವು. ಇದ್ದಿಲಿನ ಹಾಗೆ ಕಪ್ಪು. ಒಂದಕ್ಕೊಂದು ಕಬ್ಬಿಣದ ಮೊಳೆ ಹೊಡೆದು ಸೇರಿಸಿದ್ರು. ಒಂದು ತುದಿ ಮೇಲಕ್ಕೆ ಬಾಗಿತ್ತು.

ಊರಿನವರೆಲ್ಲ ಸುತ್ತ ನಿಂತರು. ಶುರುವಾಯ್ತು ನೋಡಿ.

“ದೋಣಿ ಕಣ್ಲಾ ಇದು, ಮೂತಿ ನೋಡು ಹೆಂಗ್ ಬಗ್ಗೈತೆ.”

“ದೋಣಿ ಎಲ್ಲಿಂದ ಬಂದಾತು ಈ ಕೆರೇಗೆ? ತೆಪ್ಪೋತ್ಸವದ ತೆಪ್ಪದ್ದಿರ್ಬೇಕು.”

“ತೂಬಿನ ಮರ ಬುಡ್ರಪ್ಪ. ನಮ್ಮಜ್ಜ ಹೇಳ್ತಿದ್ರು, ಮೊದ್ಲು ಮರದ್ ತೂಬೇ ಇದ್ದಿದ್ದಂತೆ.”

“ಎತ್ತಿಗೆ ನೀರ್ ಕುಡ್ಸೋ ಬಾನಿ ಕಣಣ್ಣ ಅದು.”

ಕೊನೆಗೆ ಮೊಬೈಲ್ ಹಿಡಿದಿದ್ದ ಒಬ್ಬ ಹುಡುಗ “ಟಿಪ್ಪು ಸುಲ್ತಾನ್ ಕಾಲದ್ದು” ಅಂತ ಸ್ಟೇಟಸ್ ಹಾಕಿದ ಮೇಲೆ ಚರ್ಚೆ ಮುಗೀತು :)

ನಾನು ಮೂರ್ನಾಲ್ಕು ಫೋಟೋ ತೆಗೆದೆ. ಮಾವನ ಮನೆಯಿಂದ ಟೇಪು ತರಿಸಿ ಅಳತೆ ಹಿಡಿದೆ. ಸೋಮವಾರ ಆಫೀಸಿನಿಂದ ಒಂದು ಸರ್ಕಾರಿ ಕಚೇರಿಗೆ ಫೋನ್ ಮಾಡಿದೆ. “ವಿಗ್ರಹಾನಾ? ಶಾಸನ ಇದ್ಯಾ?” ಅಂದ್ರು. ಇಲ್ಲ ಸಾರ್, ಮರ ಅಂದೆ. “ಮರ ಆದ್ರೆ ನಮ್ಗೆ ಬರಲ್ಲ, ಬೇರೆ ಕಡೆ ಕೇಳಿ” ಅಂದ್ರು. ಬೇರೆ ಕಡೆ ಕೇಳಿದೆ. ಅಲ್ಲಿಯವರು ಇನ್ನೂ ಬೇರೆ ಕಡೆ ತೋರಿಸಿದ್ರು. ಗುರುವಾರ ಮಾವನಿಗೆ ಫೋನ್ ಮಾಡಿದಾಗ ಮಾವ ಸಲೀಸಾಗಿ ಹೇಳಿದ್ರು, “ಒಣಗಿ ಬಿರ್ಕು ಬುಡ್ತು ಕಣಪ್ಪ. ಯಾರೋ ಸೀಳ್ಕಂಡು ಒಲೆಗೆ ಹಾಕಂಡ್ರು. ಮೊಳೆ ಗುಜರಿಗೆ ಹೋಯ್ತು.”

ಒಲೆಗೆ ಹಾಕಿಕೊಂಡವರ ಮೇಲೆ ನನಗೆ ಸಿಟ್ಟಿಲ್ಲ. ಕೆರೆ ದಡದಲ್ಲಿ ಮೂರು ದಿನ ಯಾರಿಗೂ ಬೇಡವಾಗಿ ಬಿದ್ದಿದ್ದ ಮರ ಅದು. ಬೇಡವಾಗಿದ್ದನ್ನ ಬೇಕಾದವರು ಒಯ್ದರು. ನನ್ನ ಸಿಟ್ಟು ಇರೋದು ಅದು ಏನು ಅಂತ ತಿಳಿದುಕೊಳ್ಳೋ ದಾರಿಯೇ ಮುಚ್ಚಿಹೋಯ್ತಲ್ಲ ಅನ್ನೋದರ ಮೇಲೆ. ಅದು ದೋಣಿ ಅಂತ ನಾನು ಹೇಳ್ತಿಲ್ಲ. ಬಾನಿಯೇ ಇರಬಹುದು. ನೂರು ವರ್ಷದ್ದಿರಬಹುದು, ಮುನ್ನೂರು ವರ್ಷದ್ದಿರಬಹುದು, ಮೊನ್ನೆ ಮೊನ್ನೆ ಯಾರೋ ಎಸೆದದ್ದೂ ಇರಬಹುದು. ಇನ್ನು ಯಾವತ್ತೂ, ಯಾರಿಗೂ ಗೊತ್ತಾಗಲ್ಲ.

ಈಗ ನನ್ನ ಕೆಲಸದ ವಿಷಯಕ್ಕೆ ಬರ್ತೀನಿ. ಸಾಫ್ಟ್‌ವೇರ್‌ನಲ್ಲಿ ಏನೋ ತಪ್ಪಾಗಿದೆ ಅಂತ ಕಂಡ ತಕ್ಷಣ ಅದಕ್ಕೆ ಒಂದು ನಂಬರ್ ಕೊಟ್ಟು ದಾಖಲೆ ಮಾಡ್ತೀವಿ. ಯಾಕಾಯ್ತು, ಯಾರು ಮಾಡಿದ್ದು, ದೊಡ್ಡದಾ ಚಿಕ್ಕದಾ, ಇದೆಲ್ಲ ಆಮೇಲೆ. ಮೊದಲು ಎಲ್ಲಿ ಕಂಡಿತು, ಯಾವಾಗ ಕಂಡಿತು, ಹೇಗೆ ಕಂಡಿತು ಅಂತ ಬರೆದಿಡೋದು. ಕಾರಣ ಗೊತ್ತಾದ ಮೇಲೆ ಮಾತ್ರ ಬರೆದುಕೊಳ್ತೀನಿ ಅಂತ ಯಾರಾದ್ರೂ ಅಂದ್ರೆ ಅವನನ್ನ ಎರಡನೇ ದಿನ ಮನೆಗೆ ಕಳಿಸ್ತಾರೆ. ನಮ್ಮ ಪುರಾತನ ವಸ್ತುಗಳ ವಿಷಯದಲ್ಲಿ ನಾವು ಮಾಡ್ತಿರೋದು ಸರಿಯಾಗಿ ಇದರ ಉಲ್ಟಾ. ಮೊದಲು ಹೆಸರು ಬೇಕು. ಯಾವ ರಾಜ, ಯಾವ ವಂಶ, ಯಾವ ಪುರಾಣ? ಹೆಸರು ಸಿಕ್ಕಿದ್ರೆ ಅದು ಪರಂಪರೆ. ಸಿಗದಿದ್ರೆ ಕಸ. ‘ಗೊತ್ತಿಲ್ಲ’ ಅನ್ನೋ ಕಾಲಂ ನಮ್ಮ ಫಾರಂನಲ್ಲೇ ಇಲ್ಲ.

ಕಲ್ಲಿಗೆ ನಾವು ಏನು ಮಾಡಬಲ್ಲೆವು ಅನ್ನೋದಕ್ಕೆ ಕನ್ನಂಬಾಡಿಯೇ ಸಾಕ್ಷಿ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು 1911ರ ನವೆಂಬರ್‌ನಲ್ಲಿ, ಮುಗಿದದ್ದು 1931-32ರ ಹೊತ್ತಿಗೆ. ಕಟ್ಟೆಯ ಹಿಂದೆ ಹಳೇ ಕನ್ನಂಬಾಡಿ ಊರೂ ಅದರ ಸುತ್ತಲಿನ ಹಳ್ಳಿಗಳೂ ಮುಳುಗಿದ್ವು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನವೂ ಮುಳುಗಿತು. ಬರ ಬಂದು ನೀರು ತಳ ಕಂಡ ವರ್ಷಗಳಲ್ಲಿ ಅದು ಮತ್ತೆ ಕಾಣಿಸಿಕೊಳ್ತಿತ್ತು, ಜನ ಜಾತ್ರೆ ಥರ ಹೋಗಿ ನೋಡಿ ಬರ್ತಿದ್ರು. ಕೊನೆಗೆ ಉದ್ಯಮಿ ಶ್ರೀಹರಿ ಖೋಡೆ ಅವರ ಪ್ರತಿಷ್ಠಾನ ಆ ದೇವಸ್ಥಾನವನ್ನ ಕಲ್ಲು ಕಲ್ಲಾಗಿ ಬಿಚ್ಚಿ, ಪ್ರತಿ ಕಲ್ಲಿಗೂ ಗುರುತು ಹಾಕಿ, ಹೊಸ ಕನ್ನಂಬಾಡಿಯ ದಡದ ಮೇಲೆ ತಂದು ಮತ್ತೆ ಜೋಡಿಸಿತು. ಇವತ್ತು ಅಲ್ಲಿ ನಿಂತು ನೋಡಿದ್ರೆ ಹಿನ್ನೀರಿನ ಪಕ್ಕದಲ್ಲಿ ಎಷ್ಟು ಚೆನ್ನಾಗಿದೆ! ದೊಡ್ಡ ಕೆಲಸ, ಎರಡು ಮಾತಿಲ್ಲ. ಕೈ ಮುಗಿದು ಹೇಳ್ತೀನಿ.

ನನ್ನ ಪ್ರಶ್ನೆ ಬೇರೆ. ಕನ್ನಂಬಾಡಿ ಕಾವೇರಿ ದಂಡೆಯ ಮೇಲಿದ್ದ ಊರು. ಆ ಊರಲ್ಲಿ ದೇವಸ್ಥಾನ ಮಾತ್ರ ಇತ್ತಾ? ಆಚೆ ದಡಕ್ಕೆ ಜನ ಹೋಗ್ತಿರಲಿಲ್ವಾ? ಮೀನು ಹಿಡೀತಿರಲಿಲ್ವಾ? ದನ, ಧಾನ್ಯ, ಮದುವೆ ದಿಬ್ಬಣ, ಹೆಣ, ಇವೆಲ್ಲ ಹೊಳೆ ದಾಟಿದ್ದು ಹೇಗೆ? ದೋಣಿ, ಹರಿಗೋಲು, ತೆಪ್ಪ ಇಲ್ಲದ ನದಿ ದಂಡೆಯ ಊರು ಯಾವುದಾದ್ರೂ ಇದ್ಯಾ? ನೀರು ಇಳಿದ ವರ್ಷಗಳಲ್ಲಿ ಕ್ಯಾಮೆರಾ ಹಿಡಿದು ಹೋದವರು ಸಾವಿರಾರು ಜನ. ಅವರಲ್ಲಿ ಎಷ್ಟು ಜನ ಗೋಪುರದಿಂದ ಕಣ್ಣು ಕೆಳಗಿಳಿಸಿ, ಕೆಸರಿನಲ್ಲಿ ಮರದ ತುಂಡು ಇದೆಯಾ ಅಂತ ನೋಡಿದ್ರು?

ಇದು ಮಂಡ್ಯದ ಕಥೆ ಮಾತ್ರ ಅಲ್ಲ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್‌ಗೆ ವಾರಾಂತ್ಯ ಬಂದ್ರೆ ಫೋಟೋ ತೆಗೆಯೋರ ಸಾಲು. ಲಿಂಗನಮಕ್ಕಿಯಲ್ಲಿ ನೀರು ಇಳಿದಾಗ ಹಳೇ ಹಿರೇಭಾಸ್ಕರ ಅಣೆಕಟ್ಟು ಕಾಣುತ್ತೆ, ಅಲ್ಲಿಗೂ ಜನ ಹೋಗ್ತಾರೆ. ಗೋಡೆ, ಕಮಾನು, ಗೋಪುರ ಇದ್ರೆ ಮಾತ್ರ ನಮ್ಮ ಕಣ್ಣಿಗೆ ‘ಮುಳುಗಿದ್ದು’ ಅಂತ ಕಾಣೋದು. ಮುಳುಗಿದ ಬದುಕು ಕಾಣಲ್ಲ.

ಸ್ವಲ್ಪ ನಮ್ಮ ಜಿಲ್ಲೆಯ ಹೊಳೆಗಳನ್ನೇ ತಿರುಗಿ ನೋಡಿ. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ ಇದೆ, ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1830ರ ದಶಕದಲ್ಲಿ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ ಸೇತುವೆಗಳಿವೆ. ಮದ್ದೂರಲ್ಲಿ ಶಿಂಷೆಯ ಮೇಲೆ ಹಳೇ ಸೇತುವೆ ಇದೆ. ಯಾರು ಕಟ್ಟಿಸಿದ್ರು, ಯಾವಾಗ ಕಟ್ಟಿಸಿದ್ರು ಅಂತ ನಾವು ಉತ್ಸಾಹದಿಂದ ಹೇಳ್ತೀವಿ. ಸೇತುವೆ ಬರೋಕೆ ಮುಂಚೆ ಸಾವಿರ ವರ್ಷ ಜನರನ್ನ ದಾಟಿಸಿದ್ದು ಯಾವುದು? ಬಿದಿರು ಹೆಣೆದು ಚರ್ಮ ಹೊದಿಸಿದ ಹರಿಗೋಲು. ಆ ಗವರ್ನರ್ ಜನರಲ್‌ನ ತಮ್ಮ ಆರ್ಥರ್ ವೆಲ್ಲೆಸ್ಲಿ ಕೂಡ ನಮ್ಮ ಸೀಮೆಯಲ್ಲಿ ಯುದ್ಧ ಮಾಡುವಾಗ ಸೈನ್ಯ ಹೊಳೆ ದಾಟಲಿ ಅಂತ ಇಂಥ ಹರಿಗೋಲುಗಳನ್ನೇ ಮಾಡಿಸಿಕೊಂಡ. ಅಣ್ಣನ ಹೆಸರಿನ ಸೇತುವೆ ಇವತ್ತಿಗೂ ನಿಂತಿದೆ. ಹರಿಗೋಲು ಹೆಣೆದವರ ಹೆಸರು ಎಲ್ಲೂ ಇಲ್ಲ, ಹರಿಗೋಲೂ ಇಲ್ಲ.

ಟಿಪ್ಪುವಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. 1796ರಲ್ಲಿ ಟಿಪ್ಪು 40 ಮರದ ಯುದ್ಧ ಹಡಗುಗಳನ್ನ ಕಟ್ಟಿಸೋಕೆ ಯೋಜನೆ ಹಾಕಿದ್ದ. ಕಟ್ಟಬೇಕಾಗಿದ್ದದ್ದು ಮಂಗಳೂರು, ಮಿರ್ಜಾನ್ ಕಡೆಯ ಕರಾವಳಿಯಲ್ಲಿ. ಸಮುದ್ರದ ವಾಸನೆಯೇ ಇಲ್ಲದ ಶ್ರೀರಂಗಪಟ್ಟಣದಲ್ಲಿ ಕೂತು ಹಾಕಿದ ಯೋಜನೆ ಅದು. 1799ರಲ್ಲಿ ಅವನೇ ಹೋದ, ಯೋಜನೆಯೂ ಹೋಯ್ತು. ಟಿಪ್ಪು ಪರ, ಟಿಪ್ಪು ವಿರೋಧ ಅಂತ ವರ್ಷಕ್ಕೊಂದು ಸಲ ನಾವು ಬೀದಿಯಲ್ಲಿ ಕಿತ್ತಾಡ್ತೀವಿ. ಆ ಹಡಗಿನ ಒಂದು ಹಲಗೆ ಎಲ್ಲಾದ್ರೂ ಉಳಿದಿದೆಯಾ ಅಂತ ಎರಡೂ ಕಡೆಯವರು ಕೇಳಿದ್ದು ನಾನಂತೂ ಕೇಳಿಲ್ಲ. ಜಗಳಕ್ಕೆ ಹೆಸರು ಸಾಕು, ಹಲಗೆ ಬೇಡ.

ಹೆಸರು ಗೊತ್ತಿಲ್ಲದ ದೋಣಿಯನ್ನ ಇಟ್ಟುಕೊಂಡು ಏನು ಮಾಡೋದು ಅಂತ ಕೇಳೋರಿಗೆ ಗಲಿಲೀ ಸರೋವರದ ಕಥೆ ಹೇಳ್ತೀನಿ. ಇಸ್ರೇಲಿನ ಈ ಸಿಹಿನೀರಿನ ಸರೋವರ 1986ರಲ್ಲಿ ಬರಗಾಲದಿಂದ ಇಳಿದಿತ್ತು. ದಡದ ಕೆಸರಿನಲ್ಲಿ ಇಬ್ಬರು ಮೀನುಗಾರ ಅಣ್ಣತಮ್ಮಂದಿರಿಗೆ ಒಂದು ಮರದ ಅಂಚು ಕಾಣಿಸಿತು. ಅವರು ಅದನ್ನ ಕೀಳಲಿಲ್ಲ, ಹೋಗಿ ಹೇಳಿದ್ರು. ನೀರು ಮತ್ತೆ ಏರೋಕೆ ಮುಂಚೆ ಅಂತ ಹಗಲು ರಾತ್ರಿ ಕೆಲಸ ಮಾಡಿ ಎರಡು ವಾರದೊಳಗೆ ಅಗೆದು ಬಿಡಿಸಿದ್ರು. ಸುತ್ತ ಫೋಮ್ ತುಂಬಿಸಿ, ತೇಲಿಸಿಕೊಂಡೇ ದಡಕ್ಕೆ ತಂದ್ರು. 8.27 ಮೀಟರ್ ಉದ್ದದ ದೋಣಿ, ಸುಮಾರು ಎರಡು ಸಾವಿರ ವರ್ಷ ಹಳೇದು. ಆಮೇಲೆ ವರ್ಷಗಟ್ಟಲೆ ರಾಸಾಯನಿಕದ ತೊಟ್ಟಿಯಲ್ಲಿ ನೆನೆಸಿಟ್ಟು ಉಳಿಸಿಕೊಂಡ್ರು.

ಆ ದೋಣಿ ಯಾರದ್ದು? ಗೊತ್ತಿಲ್ಲ! ಪ್ರವಾಸಿಗರು ‘ಏಸುವಿನ ದೋಣಿ’ ಅಂತ ಕರೀತಾರೆ, ಏಸುವಿಗೂ ಅದಕ್ಕೂ ಸಂಬಂಧ ಇದೆ ಅನ್ನೋದಕ್ಕೆ ಯಾವ ಪುರಾವೆಯೂ ಇಲ್ಲ. ಆದ್ರೆ ಹೆಸರಿಲ್ಲದ ಆ ದೋಣಿ ಹೇಳಿದ ಕಥೆ ನೋಡಿ. ಅದರಲ್ಲಿ ಹತ್ತು ಹನ್ನೆರಡು ಜಾತಿಯ ಮರಗಳಿದ್ವು. ಅಂದ್ರೆ ಅದರ ಯಜಮಾನ ಒಳ್ಳೇ ಮರ ಕೊಳ್ಳೋಕೆ ದುಡ್ಡಿಲ್ಲದೆ, ಕೈಗೆ ಸಿಕ್ಕಿದ ತುಂಡುಗಳನ್ನ ತೇಪೆ ಹಾಕಿ, ಮತ್ತೆ ಮತ್ತೆ ರಿಪೇರಿ ಮಾಡಿ ಓಡಿಸಿದ್ದ. ಕೊನೆಗೆ ಇನ್ನು ಆಗಲ್ಲ ಅಂದಾಗ ಬೇರೆ ದೋಣಿಗೆ ಉಪಯೋಗ ಆಗೋ ಭಾಗಗಳನ್ನ ಬಿಚ್ಚಿಕೊಂಡು ಉಳಿದದ್ದನ್ನ ಬಿಟ್ಟಿದ್ರು. ಎರಡು ಸಾವಿರ ವರ್ಷದ ಹಿಂದಿನ ಬಡತನ ಹಲಗೆಯಲ್ಲಿ ಬರೆದಿಟ್ಟ ಹಾಗಿದೆ. ಯಾವ ರಾಜನ ಶಾಸನದಲ್ಲಿ ಇದು ಸಿಗುತ್ತೆ ಹೇಳಿ?

ಅಷ್ಟು ದೂರ ಯಾಕೆ, ಪಕ್ಕದ ಕೇರಳಕ್ಕೆ ಬನ್ನಿ. ಆಲಪ್ಪುಳ ಜಿಲ್ಲೆಯ ಚೇರ್ತಲ ಹತ್ರ ತೈಕ್ಕಲ್-ಕಡಕ್ಕರಪ್ಪಳ್ಳಿಯಲ್ಲಿ, ಈಗ ಒಣ ನೆಲ ಆಗಿರೋ ಜಾಗದಲ್ಲಿ, ಮಣ್ಣಿನ ಕೆಳಗೆ ಹದಿನೆಂಟು ಮೀಟರ್‌ಗೂ ಉದ್ದದ ಮರದ ನೌಕೆ ಸಿಕ್ಕಿತು. 2002-03ರಲ್ಲಿ ತ್ರಿಪ್ಪುಣಿತ್ತುರದ ಪರಂಪರೆ ಅಧ್ಯಯನ ಕೇಂದ್ರದವರು ಅದನ್ನ ಅಗೆದು ಪರೀಕ್ಷೆ ಮಾಡಿದ್ರು. ಆ ನೌಕೆಯ ಹೆಸರೂ ಗೊತ್ತಿಲ್ಲ, ಯಜಮಾನನೂ ಗೊತ್ತಿಲ್ಲ. ಆದ್ರೆ ಮಧ್ಯಯುಗದಲ್ಲಿ ನಮ್ಮ ಪಶ್ಚಿಮ ಕರಾವಳಿಯವರು ಹಡಗು ಹೇಗೆ ಕಟ್ತಿದ್ರು, ಹಲಗೆ ಹೇಗೆ ಜೋಡಿಸ್ತಿದ್ರು ಅನ್ನೋದಕ್ಕೆ ಕೈಯಲ್ಲಿ ಮುಟ್ಟಿ ನೋಡಬಹುದಾದ ಸಾಕ್ಷಿ ಸಿಕ್ಕಿತು. ಅಲ್ಲೂ ಯಾರಾದ್ರೂ ‘ಸೌದೆ’ ಅಂದಿದ್ರೆ ಮುಗೀತಿತ್ತು.

ಅಮೆರಿಕದ ಮಿಷಿಗನ್ ಥರದ ಮಹಾಸರೋವರಗಳ ದಡದಲ್ಲಿ ಹೆಸರಿಲ್ಲದ ಮರದ ಹಡಗಿನ ತುಂಡುಗಳು ಆಗಾಗ ಮರಳಿನಿಂದ ಮೇಲೆ ಬರ್ತಾನೇ ಇರ್ತವೆ. ಅಲ್ಲಿ 1988ರಲ್ಲೇ ಕಾನೂನು ಮಾಡಿ, ಯಾರೂ ಕೇಳೋರಿಲ್ಲದೆ ಹೂತುಹೋದ ಇಂಥ ಹಡಗುಗಳು ಆಯಾ ರಾಜ್ಯಕ್ಕೆ ಸೇರಿದ್ದು ಅಂತ ಮಾಡಿದ್ದಾರೆ. ಸಿಕ್ಕಿದವರು ಮನೆಗೆ ಒಯ್ಯುವ ಹಾಗಿಲ್ಲ. ಅಳತೆ, ಮೊಳೆಯ ರೀತಿ, ಹಲಗೆಯ ದಪ್ಪ ನೋಡಿ ಇದು ಯಾವ ಹಡಗಿರಬಹುದು ಅಂತ ಹಳೇ ದಾಖಲೆಗಳ ಜೊತೆ ತಾಳೆ ಹಾಕ್ತಾರೆ. ಕೆಲವು ಸಲ ಹೆಸರು ಸಿಗುತ್ತೆ. ಸಿಗದಿದ್ರೆ ‘ಗುರುತು ಸಿಕ್ಕಿಲ್ಲ’ ಅಂತಲೇ ಬರೆದಿಡ್ತಾರೆ. ಅದರಿಂದ ಯಾರ ಮರ್ಯಾದೆಯೂ ಹೋಗಿಲ್ಲ.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು. ನೀರಲ್ಲಿ ಮರ ಕೊಳೆಯುತ್ತೆ ಅಂತ ನಾವು ಅಂದುಕೊಂಡಿದ್ದೀವಿ, ಅದು ಅರ್ಧ ಸತ್ಯ ಮಾತ್ರ. ಕೊಳೆಯೋಕೆ ಗಾಳಿ ಬೇಕು. ಗಾಳಿಯಾಡದ ಹೂಳಿನಲ್ಲಿ ಹೂತ ಮರ ಶತಮಾನಗಟ್ಟಲೆ ಇರುತ್ತೆ. ಸಮುದ್ರದಲ್ಲಿ ಮರ ಕೊರೆಯೋ ಹುಳು ಇದೆ, ಸಿಹಿನೀರಿನಲ್ಲಿ ಅದರ ಕಾಟ ಇಲ್ಲ. ಅಂದ್ರೆ ಆಳವಾದ ಹೂಳಿರೋ ನಮ್ಮ ಕೆರೆಗಳು ಮರ ಕಾಪಾಡೋಕೆ ಕೆಟ್ಟ ಜಾಗವೇನಲ್ಲ. ಅಪಾಯ ಶುರುವಾಗೋದು ಮರ ಹೊರಗೆ ಬಂದ ಮೇಲೆ. ಇಷ್ಟು ವರ್ಷ ಒಳಗಡೆ ನೀರು ತುಂಬಿಕೊಂಡೇ ಆಕಾರ ಉಳಿಸಿಕೊಂಡಿದ್ದ ಮರ, ಮೇ ತಿಂಗಳ ಬಿಸಿಲಿಗೆ ಬಿದ್ದು ನೀರು ಆರಿದ ಕೂಡಲೇ ಕುಗ್ಗಿ, ತಿರುಚಿ, ಸೀಳುತ್ತೆ. “ಒಣಗಿ ಬಿರ್ಕು ಬುಡ್ತು” ಅಂತ ಮಾವ ಹೇಳಿದ್ದು ಇದನ್ನೇ. ಒದ್ದೆ ಗೋಣಿಚೀಲ ಹೊದಿಸಿ ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಕಿದ್ರೆ ಕೆಲವು ದಿನವಾದ್ರೂ ತಡೀತಿತ್ತು. ಖರ್ಚು ನೂರು ರೂಪಾಯಿನೂ ಆಗ್ತಿರಲಿಲ್ಲ. ಅದನ್ನ ಹೇಳೋಕೆ ಫೋನಿನ ಆ ಕಡೆ ಒಬ್ಬರೂ ಇರಲಿಲ್ಲ.

ವಯಸ್ಸು ಕಂಡುಹಿಡಿಯೋದು? ಅದಕ್ಕೂ ನಮ್ಮ ದೇಶದಲ್ಲೇ ವ್ಯವಸ್ಥೆ ಇದೆ. ಲಖನೌದ ಬೀರಬಲ್ ಸಾಹನಿ ಸಂಸ್ಥೆ, ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ, ಇಲ್ಲೆಲ್ಲ ಇಂಗಾಲದ ಲೆಕ್ಕದಿಂದ ಮರದ ವಯಸ್ಸು ಹೇಳ್ತಾರೆ. ಬೆರಳಿನಷ್ಟು ಮರದ ಚೂರೂ ಬೇಕಾಗಲ್ಲ.

ಇನ್ನು ಕಾನೂನು. ಇಲ್ಲೊಂದು ತಮಾಷೆ ಇದೆ, ಸಾಫ್ಟ್‌ವೇರ್‌ನವರಿಗೆ ತಕ್ಷಣ ಅರ್ಥ ಆಗುತ್ತೆ. 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ ಒಂದು ವಸ್ತು ‘ಪುರಾತನ’ ಅನ್ನಿಸಿಕೊಳ್ಳೋಕೆ ಕನಿಷ್ಠ 100 ವರ್ಷ ಆಗಿರಬೇಕು. 100 ವರ್ಷ ಆಗಿದೆ ಅಂತ ಗೊತ್ತಾಗಬೇಕಾದ್ರೆ ಪರೀಕ್ಷೆ ಮಾಡಬೇಕು. ಪರೀಕ್ಷೆ ಮಾಡೋವರೆಗೆ ಅದನ್ನ ಯಾರಾದ್ರೂ ಕಾಪಾಡಬೇಕು. ಯಾರಾದ್ರೂ ಕಾಪಾಡಬೇಕಾದ್ರೆ ಅದು ಪುರಾತನ ವಸ್ತು ಆಗಿರಬೇಕು! ನಾವು ಇದನ್ನ ಸರ್ಕ್ಯುಲರ್ ಡಿಪೆಂಡೆನ್ಸಿ ಅಂತೀವಿ. ಇಂಥ ಪ್ರೋಗ್ರಾಂ ಯಾವತ್ತೂ ಶುರುವೇ ಆಗಲ್ಲ. ಕಲ್ಲಿನ ವಿಷಯದಲ್ಲಿ ಈ ತೊಂದರೆ ಇಲ್ಲ, ಯಾಕಂದ್ರೆ ಕಲ್ಲು ಕಾಯುತ್ತೆ. ಫೈಲು ಹತ್ತು ವರ್ಷ ಸುತ್ತಿ ಬಂದ್ರೂ ಕಲ್ಲು ಅಲ್ಲೇ ಇರುತ್ತೆ. ಮರಕ್ಕಿರೋದು ನಾಲ್ಕು ದಿನ.

ಪುರಾತತ್ವ ಸರ್ವೇಕ್ಷಣೆಯಲ್ಲಿ ನೀರೊಳಗಿನ ಪುರಾತತ್ವಕ್ಕೆ ಅಂತಲೇ 2001ರಲ್ಲಿ ಒಂದು ವಿಭಾಗ ಮಾಡಿದ್ರು. ಸಂತೋಷ. ಅದು ಸುದ್ದಿಯಾಗೋದು ದ್ವಾರಕೆಯ ಹೆಸರು ಬಂದಾಗ. ದ್ವಾರಕೆ ದೊಡ್ಡದೇ, ಬೇಡ ಅನ್ನಲ್ಲ. ಆದ್ರೆ ಮಳವಳ್ಳಿ ಕೆರೆಯ ಹಲಗೆಗೆ ಕೃಷ್ಣನ ಶಿಫಾರಸು ಎಲ್ಲಿಂದ ತರೋಣ?

ಈಗ ನೀವು ಕೇಳೋ ಪ್ರಶ್ನೆಗಳಿಗೆ ಬರ್ತೀನಿ. ಊರಲ್ಲಿ ಗೆಳೆಯರ ಹತ್ರ ಇದನ್ನೆಲ್ಲ ಹೇಳಿ ಉಗಿಸಿಕೊಂಡಿದ್ದೀನಿ, ಹಾಗಾಗಿ ಪ್ರಶ್ನೆಗಳು ಗೊತ್ತು.

ಮೊದಲನೇದು: “ರೈತನ ಗದ್ದೆಗೆ ನೀರಿಲ್ಲ, ನಿಂಗೆ ದೋಣಿ ಚಿಂತೆಯಾ?” ಈ ಮಾತು ಮಂಡ್ಯದಲ್ಲಿ ಯಾರ ಬಾಯನ್ನಾದ್ರೂ ಮುಚ್ಚಿಸುತ್ತೆ. ನಮ್ಮ ಮನೆಯಲ್ಲೂ ಗದ್ದೆ ಇದೆ ಸ್ವಾಮಿ. ನಾಲೆಗೆ ನೀರು ಬಿಡದಿದ್ರೆ ಅಪ್ಪನ ಮುಖ ಹೇಗಾಗುತ್ತೆ ಅಂತ ಗೊತ್ತು. ನಾನು ಕೇಳ್ತಿರೋದು ಒಂದು ಕ್ಯೂಸೆಕ್ ನೀರಲ್ಲ, ಒಂದು ಲೋಡ್ ಗೊಬ್ಬರದ ದುಡ್ಡೂ ಅಲ್ಲ. ಹೂಳು ತೆಗೀಬೇಡಿ ಅಂತಲೂ ಅಲ್ಲ. ಮರ ಕಂಡ ಜಾಗದಲ್ಲಿ ಜೇಸಿಬಿ ಅರ್ಧ ದಿನ ನಿಲ್ಲಿಸಿ, ಪಕ್ಕದಲ್ಲಿ ಅಗೀರಿ ಅಂತ.

ಎರಡನೇದು: “ಸಿಕ್ಕಿದ ಹಳೇ ಮರವೆಲ್ಲ ಮ್ಯೂಸಿಯಂಗೆ ಹಾಕೋಕಾಗುತ್ತಾ?” ಖಂಡಿತ ಆಗಲ್ಲ, ಆಗಲೂಬಾರದು. ಒದ್ದೆ ಮರವನ್ನ ಶಾಶ್ವತವಾಗಿ ಉಳಿಸೋದು ಭಾರೀ ಖರ್ಚಿನ ಕೆಲಸ. ಅದಕ್ಕೇ ನಾನು ಕೇಳ್ತಿರೋದು ಮರವನ್ನ ಇಟ್ಟುಕೊಳ್ಳಿ ಅಂತಲ್ಲ, ಮಾಹಿತಿಯನ್ನ ಇಟ್ಟುಕೊಳ್ಳಿ ಅಂತ. ಫೋಟೋ, ಅಳತೆ, ಜಾಗ, ಎಷ್ಟು ಆಳ, ಒಂದು ಚಿಕ್ಕ ಚೂರು. ಇಷ್ಟಾದ ಮೇಲೆ ಬೇಕಾದ್ರೆ ವಾಪಸ್ ಅದೇ ಹೂಳಿನಲ್ಲಿ ಹೂತುಬಿಡಿ. ಗೊತ್ತಿಲ್ಲದ ವಸ್ತುವಿಗೆ ಹೂಳಿಗಿಂತ ಒಳ್ಳೇ ಲಾಕರ್ ಇಲ್ಲ.

ಮೂರನೇದು ಸ್ವಲ್ಪ ನಾಜೂಕಿನ ಪ್ರಶ್ನೆ: “ಯಾವನೋ ಅಂಬಿಗನ ದೋಣಿ, ಅದರಲ್ಲಿ ಇತಿಹಾಸ ಏನು ಬಂತು?” ಹೀಗೆ ಬಾಯಿಬಿಟ್ಟು ಯಾರೂ ಹೇಳಲ್ಲ, ಆದ್ರೆ ನಮ್ಮ ನಡವಳಿಕೆ ಹೇಳುತ್ತೆ. ನನಗೆ ನಿಜವಾಗಿ ಹೊಟ್ಟೆ ಉರಿಯೋದು ಇಲ್ಲೇ. ಕಲ್ಲಿನಲ್ಲಿ ಕಟ್ಟಿಸಿದವರು ಯಾರು? ಕಲ್ಲು ಕೊಳ್ಳೋ ಶಕ್ತಿ ಇದ್ದವರು. ಮಿಕ್ಕವರೆಲ್ಲ ಮರ, ಬಿದಿರು, ಚರ್ಮ, ಮಣ್ಣಿನಲ್ಲಿ ಬದುಕಿದ್ರು. ಬೆಸ್ತರು, ಅಂಬಿಗರು, ಮೇದರು, ಬಡಗಿಗಳು, ಇವರ ಇತಿಹಾಸ ಯಾವ ಗೋಡೆಯ ಮೇಲೂ ಕೆತ್ತಿಲ್ಲ. ಅಂಬಿಗರ ಚೌಡಯ್ಯನ ವಚನಗಳು ಒಂಬೈನೂರು ವರ್ಷ ಉಳಿದು ಬಂದಿವೆ. ಅವನ ಕಾಲದ ದೋಣಿ ಹೇಗಿತ್ತು, ಹುಟ್ಟು ಎಷ್ಟು ಉದ್ದ ಇತ್ತು, ಒಂದು ಸಲಕ್ಕೆ ಎಷ್ಟು ಜನ ಕೂರ್ತಿದ್ರು ಅಂತ ತೋರಿಸೋಕೆ ನಮ್ಮ ಹತ್ರ ಏನಿದೆ? ಹೆಸರಿಲ್ಲದವರ ಸಾಮಾನಿಗೆ ಹೆಸರಿರಲ್ಲ. ‘ಹೆಸರಿಲ್ಲದ್ದೆಲ್ಲ ಕಸ’ ಅನ್ನೋ ನಿಯಮ ಹಾಕಿಕೊಂಡ್ರೆ ನಾವು ಗುಡಿಸಿ ಹಾಕ್ತಿರೋದು ನಮ್ಮ ಅಜ್ಜ ಅಜ್ಜಿಯರನ್ನೇ. ನಮ್ಮಲ್ಲಿ ಎಷ್ಟು ಜನರ ಮನೆತನ ಕಲ್ಲಿನಲ್ಲಿ ಕೆತ್ತಿಸಿಕೊಂಡಿದ್ದು ಹೇಳಿ ನೋಡೋಣ.

ಬೈದದ್ದು ಸಾಕು, ಆಗಬೇಕಾದ್ದನ್ನ ಹೇಳ್ತೀನಿ.

ಒಂದು, ಕೆರೆ ಹೂಳೆತ್ತೋ ಪ್ರತಿ ಕಾಮಗಾರಿಯ ಕರಾರಿನಲ್ಲಿ ಒಂದೇ ಒಂದು ಸಾಲು ಸೇರಿಸಿ: ಮನುಷ್ಯ ಮಾಡಿದ್ದು ಅಂತ ಕಾಣೋ ಮರ, ಕಲ್ಲು, ಲೋಹ ಏನೇ ಸಿಕ್ಕಿದ್ರೂ ಆ ಜಾಗದಲ್ಲಿ ಕೆಲಸ ನಿಲ್ಲಿಸಿ, ಫೋಟೋ ತೆಗೆದು ಪಂಚಾಯ್ತಿಗೆ ತಿಳಿಸಬೇಕು. ಬಿಲ್ ಪಾಸ್ ಮಾಡೋಕೆ ಹತ್ತು ಥರ ಫೋಟೋ ತೆಗೀತಾರೆ, ಹನ್ನೊಂದನೇದು ಭಾರ ಆಗಲ್ಲ.

ಎರಡು, ಜಿಲ್ಲೆಗೊಂದು ರಿಜಿಸ್ಟರ್. ಅದರಲ್ಲಿ ‘ಯಾವ ಕಾಲದ್ದು’ ಅನ್ನೋ ಕಾಲಂನಲ್ಲಿ ‘ಗೊತ್ತಿಲ್ಲ’ ಅಂತ ಬರೆಯೋಕೆ ಅವಕಾಶ ಇರಬೇಕು. ಮತ್ತೆ ಒಂದು ಫೋನ್ ನಂಬರ್, ಆ ಕಡೆ ಎತ್ತೋರು ‘ಬೇರೆ ಕಡೆ ಕೇಳಿ’ ಅನ್ನಬಾರದು.

ಮೂರು, ಕನ್ನಂಬಾಡಿ ಕಟ್ಟೆಯ ನೀರು ತಳಕ್ಕಿಳಿದ ಬೇಸಿಗೆಯಲ್ಲಿ ಗೊತ್ತಿದ್ದವರ ಒಂದು ತಂಡ ಹಿನ್ನೀರಿನ ದಡದಲ್ಲಿ ನಡೆದು ಬರಲಿ. ಕಟ್ಟೆ ತುಂಬಿದ್ರೆ 124.80 ಅಡಿ. 2024ರ ಬೇಸಿಗೆಯಲ್ಲಿ ಅದು ಎಷ್ಟು ಇಳಿದಿತ್ತು ಅಂತ ನಾವೆಲ್ಲ ದಿನಾ ಪೇಪರಲ್ಲಿ ಓದಿದ್ದೀವಿ. ಅದೇ ಜುಲೈನಲ್ಲಿ ತುಂಬಿತು. 2025ರಲ್ಲಂತೂ ಜೂನ್ ಮುಗಿಯೋಕೆ ಮುಂಚೆಯೇ ತುಂಬಿ ದಾಖಲೆ ಆಯ್ತು, ಮುಖ್ಯಮಂತ್ರಿಗಳು ಬಂದು ಬಾಗಿನ ಕೊಟ್ಟು ಹೋದ್ರು. ಒಳ್ಳೇದಾಯ್ತು, ಪ್ರತಿ ವರ್ಷ ಹಾಗೇ ತುಂಬಲಿ. ಆದ್ರೆ ನೋಡೋಕೆ ಕಿಟಕಿ ತೆರೆಯೋದು ಬರದಲ್ಲಿ ಮಾತ್ರ, ಅದೂ ಕೆಲವೇ ವಾರ.

ಇನ್ನೊಂದು ಲೆಕ್ಕ ಇದೆ, ಅದನ್ನ ಯಾರೂ ಗಮನಿಸಿದ ಹಾಗೆ ಕಾಣಲ್ಲ. ಯುನೆಸ್ಕೋದವರು 2001ರಲ್ಲಿ ಮಾಡಿದ ನೀರೊಳಗಿನ ಪರಂಪರೆಯ ಒಪ್ಪಂದದಲ್ಲೂ ಲೆಕ್ಕ 100 ವರ್ಷವೇ. ಪೂರ್ತಿ ಮುಳುಗಿರಲಿ, ಅರ್ಧ ಮುಳುಗಿರಲಿ, ಆಗಾಗ ಮುಳುಗಿ ಏಳ್ತಿರಲಿ, 100 ವರ್ಷ ಆಗಿದ್ರೆ ಅದು ಪರಂಪರೆ. ಭಾರತ ಆ ಒಪ್ಪಂದಕ್ಕೆ ಸೇರಿಲ್ಲ, ಅದು ಬೇರೆ ಜಗಳ. ಆದ್ರೆ ಕನ್ನಂಬಾಡಿ ಕಟ್ಟೆ ಮುಗಿದು ಇನ್ನೇನು 2031-32ಕ್ಕೆ 100 ವರ್ಷ. ನೂರು ತುಂಬಿದಾಗ ದೀಪಾಲಂಕಾರ ಆಗುತ್ತೆ, ವಿಶ್ವೇಶ್ವರಯ್ಯನವರ ಪ್ರತಿಮೆಗೆ ಹಾರ ಬೀಳುತ್ತೆ, ನಾಲ್ವಡಿಯವರಿಗೆ ಜೈಕಾರ ಆಗುತ್ತೆ. ಆಗಲೇಬೇಕು, ನಾವು ಅವರ ಅನ್ನ ತಿಂದವರು. ಅದೇ ಹೊತ್ತಿಗೆ ನೀರಿನ ಕೆಳಗೆ ಉಳಿದಿರೋ ಪ್ರತಿ ತೊಲೆ, ಪ್ರತಿ ಹಲಗೆ, ಪ್ರತಿ ನೇಗಿಲಿಗೂ ನೂರು ತುಂಬಿರುತ್ತೆ. ಅವುಗಳಲ್ಲಿ ಎಷ್ಟು ನಮ್ಮ ಪಟ್ಟಿಯಲ್ಲಿರುತ್ತೆ?

ಬ್ಲಾಗಿಸೋ ಗೆಳೆಯರಿಗೆ ನನ್ನ ಕೋರಿಕೆ ಇಷ್ಟೇ. ಸರ್ಕಾರ ಮಾಡೋವರೆಗೆ ಕಾಯೋದು ಬೇಡ. ನಿಮ್ಮೂರ ಕೆರೆ, ಹೊಳೆ, ಹಿನ್ನೀರಿನ ದಡದಲ್ಲಿ ಮೊಳೆ ಹೊಡೆದ ಹಳೇ ಮರ ಕಂಡ್ರೆ ಕೀಳಬೇಡಿ, ತೊಳೀಬೇಡಿ, ಬಿಸಿಲಿಗೆ ಹಾಕಬೇಡಿ. ಪಕ್ಕದಲ್ಲಿ ಒಂದು ಸ್ಕೇಲೋ, ಬೆಂಕಿಪೊಟ್ಟಣವೋ ಇಟ್ಟು ನಾಲ್ಕೂ ಕಡೆಯಿಂದ ಫೋಟೋ ತೆಗೀರಿ. ಜಾಗದ ಗುರುತು ಬರೆದುಕೊಳ್ಳಿ. ಊರಿನ ಹಿರಿಯರು ಏನಂದ್ರು ಅಂತ ಅವರ ಮಾತಿನಲ್ಲೇ ಬರೆದಿಡಿ, ಒಬ್ಬರು ದೋಣಿ ಅಂದು ಇನ್ನೊಬ್ಬರು ಬಾನಿ ಅಂದ್ರೆ ಎರಡನ್ನೂ ಬರೀರಿ. ಒದ್ದೆ ಗೋಣಿ ಹೊದಿಸಿ. ನಿಮ್ಮ ಬ್ಲಾಗಿನಲ್ಲಿ ಹಾಕಿ. ತಲೆಬರಹಕ್ಕೆ ಹೊಯ್ಸಳರೂ ಬೇಡ, ಟಿಪ್ಪುವೂ ಬೇಡ. ‘ಇಂಥ ಊರಿನ ಕೆರೆಯಲ್ಲಿ ಇಂಥ ದಿನ ಸಿಕ್ಕಿದ ಮರ, ಏನು ಅಂತ ಗೊತ್ತಿಲ್ಲ’ ಅಂತ ಹಾಕಿ. ಓದೋರು ಕಮ್ಮಿಯಾಗಬಹುದು, ಆಗಲಿ ಬಿಡಿ.

ಮುಂದೆ ಯಾವತ್ತೋ ಗೊತ್ತಿರೋ ಒಬ್ಬರು ಬಂದು ನೋಡಿದಾಗ, ಗೊತ್ತಿಲ್ಲದ ನಾವು ಅದನ್ನ ಅಲ್ಲಿವರೆಗೆ ಇಟ್ಟುಕೊಂಡಿದ್ವು ಅಂತಾದ್ರೂ ಆಗಲಿ.